ಶಾಲೆ ವಿಲೀನಕ್ಕೆ ಎಸ್‌ಡಿಎಂಸಿ ಸಹಿ ಕೇಳ್ತಿದಾರೆ, ನಡಾವಳಿಯಲ್ಲಿ ಏನು ಬರೆಯಬೇಕು?

ಹಂಡೆಒಲೆ · ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ. ಊರಿನ ಹೆಸರು ಬೇಡ, ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಅಧ್ಯಕ್ಷೆ ಅನ್ನೋದು ದೊಡ್ಡ ಮಾತಾಯ್ತು. ಆ ದಿನ ಸಭೆಗೆ ಬಂದೋರಲ್ಲಿ "ನಂಗೆ ಬೇಡ" ಅಂತ ಜೋರಾಗಿ ಹೇಳದೆ ಸುಮ್ಮನೆ ಕೂತಿದ್ದೋಳು ನಾನೊಬ್ಬಳೇ.

ಒಂದರಿಂದ ಐದರ ತನಕ 13 ಮಕ್ಕಳು. ಒಬ್ಬರು ಮೇಷ್ಟ್ರು, ಒಬ್ಬರು ಅತಿಥಿ ಶಿಕ್ಷಕಿ. ನಿನ್ನೆ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಇಲಾಖೆಯೋರು) ಬಂದು ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು. ಬರೋ ಜೂನ್‌ನಿಂದ ನಮ್ಮ ಮಕ್ಕಳನ್ನ ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸಕ್ಕೆ ಪೋಷಕರೆಲ್ಲ ಸ್ವಇಚ್ಛೆಯಿಂದ ಒಪ್ಪಿದೀವಿ ಅಂತ ಅದರಲ್ಲಿದೆ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದಾರೆ. ಶುಕ್ರವಾರದೊಳಗೆ ಸಭೆ ಕರೆದು ನಡಾವಳಿ (ಸಭೆಯ ತೀರ್ಮಾನ ಬರೆಯೋ) ಪುಸ್ತಕದಲ್ಲೂ ಅದನ್ನೇ ಬರೆದು ಕೊಡಿ ಅಂದ್ರು. ಅವರನ್ನ ಬೈಯಲ್ಲ. ಪಾಪ, ಅವರಿಗೂ ಮೇಲಿನಿಂದ ಬಂದಿರತ್ತೆ, ಬೈಕಲ್ಲಿ ಬಂದು ನೀರು ಕೂಡ ಕುಡಿಯದೆ ಹೋದ್ರು.

ನಾನು ವಿಲೀನ ಬೇಡವೇ ಬೇಡ ಅನ್ನೋಳಲ್ಲ. ನನ್ನ ಮಗಳು ನಾಲ್ಕನೇ ಕ್ಲಾಸು. ಆ ದೊಡ್ಡ ಶಾಲೆಯಲ್ಲಿ ಎಲ್‌ಕೆಜಿಯಿಂದ ಪಿಯುಸಿ ತನಕ ಇದೆ, ಇಂಗ್ಲಿಷ್ ಮೀಡಿಯಂ ಇದೆ, ಒಂದೊಂದು ಕ್ಲಾಸಿಗೆ ಒಬ್ಬೊಬ್ಬ ಟೀಚರ್ ಇದಾರೆ. ಯಾರಿಗೆ ಆಸೆ ಇರಲ್ಲ ಹೇಳಿ. ಆದರೆ ಹಾಳೆಯಲ್ಲಿ ದೂರ 2.3 ಕಿಲೋಮೀಟರ್ ಅಂತಿದೆ. ಅದು ಹಳ್ಳ ದಾಟೋ ಕಾಲುಸಂಕದ ದಾರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಸಂಕದ ಮೇಲೆ ದೊಡ್ಡೋರೇ ಕಾಲಿಡಲ್ಲ. ರಸ್ತೆ ದಾರೀಲಿ ಇವತ್ತು ಬೆಳಿಗ್ಗೆ ನಮ್ಮ ಯಜಮಾನ್ರ ಬೈಕಿನ ಮೀಟರ್ ನೋಡ್ಕೊಂಡು ಹೋದ್ವಿ. 4.1 ಬಂತು.

ಬಸ್ಸು ಕೊಡ್ತೀವಿ ಅಂತಾರೆ. ಬಾಯಲ್ಲಿ ಬಸ್ಸಿದೆ, ಹಾಳೆಯಲ್ಲಿ ಬಸ್ಸಿಲ್ಲ.

ಸಹಿ ಹಾಕಬೇಕಾ, ಬೇಡವಾ? ಹಾಕದಿದ್ರೆ ಏನಾಗತ್ತೆ? ಬರೆಯೋದಾದ್ರೆ ಏನು ಬರೆಯಬೇಕು? ಗೊತ್ತಿದ್ದೋರು ದಯವಿಟ್ಟು ಹೇಳಿ. ರಾಜಕೀಯ ಬೇಡ.

ಸೀಮೆಸುಣ್ಣ · ಮಂಗಳವಾರ ರಾತ್ರಿ

ಮೇಡಂ, ನಾನು ಪ್ರಾಥಮಿಕ ಶಾಲಾ ಶಿಕ್ಷಕಿ, ಸೇರಿ 19 ವರ್ಷ ಆಯ್ತು. ಅದರಲ್ಲಿ 11 ವರ್ಷ ನಿಮ್ಮಂಥದೇ ಶಾಲೆಯಲ್ಲಿ ಕಳೆದಿದೀನಿ. ಇಲ್ಲಿ ಬೈಸ್ಕೊಳ್ತೀನಿ ಅಂತ ಗೊತ್ತು, ಆದ್ರೂ ಹೇಳ್ತೀನಿ: ಬಸ್ಸು ನಿಜವಾಗಿ ಬರೋದಾದ್ರೆ ಮಕ್ಕಳನ್ನ ಕಳಿಸಿ.

13 ಮಕ್ಕಳ ಶಾಲೆ ಅಂದ್ರೆ ಹೊರಗಿನೋರಿಗೆ ಕೇಳಕ್ಕೆ ಚೆಂದ. ಒಂದರಿಂದ ಮೂರು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು, ಮೂರು ತರಗತಿ ಒಟ್ಟಿಗೆ ಕೂತು ತಂತಮ್ಮ ವೇಗದಲ್ಲಿ ಕಾರ್ಡು ಹಿಡ್ಕೊಂಡು ಕಲಿಯೋ ಪದ್ಧತಿ. ಒಳ್ಳೆಯದೇ. ಆದರೆ ಅದಕ್ಕೆ ಗುಂಪು ಬೇಕು. ನನ್ನ ಕೊನೇ ವರ್ಷ ಒಂದರಲ್ಲಿ ಇಬ್ಬರು, ಎರಡರಲ್ಲಿ ಯಾರೂ ಇಲ್ಲ, ಮೂರರಲ್ಲಿ ಮೂವರು. ಸಹಪಾಠಿ ತಟ್ಟೆಯಲ್ಲಿ (ಜೊತೆಯ ಮಕ್ಕಳ ಸಹಾಯದಿಂದ ಕಲಿಯೋ ಗುಂಪು) ಕೂರಿಸೋಣ ಅಂದ್ರೆ ಸಹಪಾಠಿನೇ ಇಲ್ಲ. ಐದನೇ ಕ್ಲಾಸಲ್ಲಿ ಒಬ್ಬಳೇ ಹುಡುಗಿ ಇದ್ಲು. ವರ್ಷಪೂರ್ತಿ ಅವಳೇ ಫಸ್ಟು, ಅವಳೇ ಲಾಸ್ಟು. ಖೊಖೊ ಆಡ್ಬೇಕು ಅಂತ ಅಳೋಳು.

ಇನ್ನು ನನ್ನ ದಿನ ಕೇಳಿ. ಬೆಳಿಗ್ಗೆ ಹಾಲಿನ ಪುಡಿ, ರಾಗಿ ಮಾಲ್ಟು. ಆಮೇಲೆ ಮೊಟ್ಟೆ. ಒಂದು ಮೊಟ್ಟೆಗೆ ಕೊಡೋದು 6 ರೂಪಾಯಿ, ಬೇಯಿಸೋದು ಸುಲಿಯೋದು ಎಲ್ಲ ಅದರಲ್ಲೇ. ಅಂಗಡೀಲಿ 7 ದಾಟಿದೆ. 300 ಮಕ್ಕಳ ಶಾಲೆಗೆ ಹೋಲ್‌ಸೇಲ್‌ನೋನು ಟ್ರೇ ಲೆಕ್ಕದಲ್ಲಿ ತಂದು ಇಳಿಸ್ತಾನೆ. 13 ಮೊಟ್ಟೆಗೆ ಯಾರು ಬರ್ತಾರೆ? ನಾನೇ ಸ್ಕೂಟಿ ಡಿಕ್ಕೀಲಿ ಬಟ್ಟೆ ಹಾಸಿ ತರ್ತಿದ್ದೆ, ಒಡೆದಿದ್ದು ನನ್ನ ಲೆಕ್ಕಕ್ಕೆ. ಅದಾದ್ಮೇಲೆ ಎಸ್‌ಎಟಿಎಸ್‌ನಲ್ಲಿ (ಮಕ್ಕಳ ಆನ್‌ಲೈನ್ ದಾಖಲೆ) ಹಾಜರಾತಿ, ಬಿಎಲ್‌ಒ ಅಂತ ಮತದಾರರ ಪಟ್ಟಿ ಕೆಲಸ. ಆಮೇಲೆ ದಸರಾ ಹೊತ್ತಿಗೆ ರಾಜ್ಯದ ಜಾತಿ ಸಮೀಕ್ಷೆ ಬಂತು. 2025ರ ಸೆಪ್ಟೆಂಬರ್ 22ಕ್ಕೆ ಶುರುವಾಗಿದ್ದು, ಅಕ್ಟೋಬರ್ 18ರ ತನಕ ರಜೆ ಮುಂದಕ್ಕೆ ಹೋಯ್ತು. ದೊಡ್ಡ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದ್ರೆ ಉಳಿದೋರು ಕ್ಲಾಸು ನೋಡ್ಕೋತಾರೆ. ನಿಮ್ಮಲ್ಲಿ ಮೇಷ್ಟ್ರು ತಾಲ್ಲೂಕು ಮೀಟಿಂಗಿಗೆ ಹೋದ ದಿನ ಶಾಲೆ ಅಂದ್ರೆ ಅತಿಥಿ ಶಿಕ್ಷಕಿ, ಅಡುಗೆ ಅಮ್ಮ, ಅಷ್ಟೇ.

ಭಾವನೆಗೆ ಬೀಳಬೇಡಿ. ಶಾಲೆ ಉಳಿಸಿ ಅಂತ ಬೋರ್ಡು ಹಿಡಿಯೋರ ಮಕ್ಕಳು ಆ ಶಾಲೆಯಲ್ಲಿ ಓದಲ್ಲ.

ಕೆರೆದಂಡೆ · ಬುಧವಾರ ಬೆಳಿಗ್ಗೆ

@ಸೀಮೆಸುಣ್ಣ ಮೇಡಂ, ನಿಮ್ಮ ಮಕ್ಕಳು ಎಲ್ಲಿ ಓದ್ತಿದಾರೆ ಅಂತ ಕೇಳಬಹುದಾ?

ಸೀಮೆಸುಣ್ಣ · ಬುಧವಾರ ಬೆಳಿಗ್ಗೆ

ಕೇಳಬಹುದು. ದೊಡ್ಡೋನು ಸರ್ಕಾರಿ ಹೈಸ್ಕೂಲು, ಒಂಬತ್ತನೇ ಕ್ಲಾಸು. ಚಿಕ್ಕೋಳು ಖಾಸಗಿ, ಯಾಕಂದ್ರೆ ನಾನು ಕೆಲಸ ಮಾಡೋ ಊರಿನ ಶಾಲೆಯಲ್ಲಿ ಅವಳ ಕ್ಲಾಸಿಗೆ ಅವಳೊಬ್ಬಳೇ ಆಗ್ತಿದ್ಲು. ಇಷ್ಟು ಸಾಕಾ ಸರ್?

ಕಡಲಕರೆ · ಬುಧವಾರ ಬೆಳಿಗ್ಗೆ

ಜಗಳ ಆಮೇಲೆ ಮಾಡುವ ಮಾರಾಯ್ರೆ. ಸಂಕದ ವಿಷಯ ಮೊದಲು ಮಾತಾಡಿ.

ನಾನು ಬೈಂದೂರು ಕಡೆಯವ. 2022ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಕಾಲ್ತೋಡು ಗ್ರಾಮದಲ್ಲಿ ಎರಡನೇ ಕ್ಲಾಸಿನ ಮಗು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಬಿದ್ದು ಹೋಯಿತು. ಸಿಕ್ಕಿದ್ದು ಎರಡು ದಿನದ ಮೇಲೆ. ಆಗ ಎಲ್ಲರೂ ಬಂದರು, ಫೋಟೊ ತೆಗೆದರು, ಸಂಕದ ಪಟ್ಟಿ ಮಾಡಿದರು. ಅದಕ್ಕಿಂತ ಮೊದಲೇ "ಶಾಲಾ ಸಂಪರ್ಕ ಸೇತು" ಎಂಬ ಯೋಜನೆ ಇತ್ತು, ಅದರಲ್ಲಿ ಕೆಲವು ಕಡೆ ಒಳ್ಳೆ ಕಿರುಸೇತುವೆ ಆಗಿಯೂ ಉಂಟು. ಎಲ್ಲ ಕಡೆ ಆಗಲಿಲ್ಲ.

ಅಕ್ಕ, ಹಾಳೆಯಲ್ಲಿ 2.3 ಅಂತ ಇರುವುದಕ್ಕೆ ನೀವು ಸಹಿ ಹಾಕಿದರೆ, ಆ ಸಂಕ ದಾರಿ ಎಂದು ನೀವೇ ಒಪ್ಪಿದ ಹಾಗೆ. ನಾಳೆ ಬಸ್ಸು ನಿಂತರೆ "ಹತ್ತಿರ ಉಂಟಲ್ಲ, ನಡೆದು ಬರಲಿ" ಎನ್ನುತ್ತಾರೆ. ಆ ಅಂಕಿ ತಿದ್ದಿಸದೆ ಪೆನ್ನು ಕೈಗೆ ತೆಗೊಳ್ಳಬೇಡಿ.

ಹಂಡೆಒಲೆ · ಬುಧವಾರ ಮಧ್ಯಾಹ್ನ

ಓದಿ ಕೈ ತಣ್ಣಗಾಯ್ತು ಅಣ್ಣ. ನಮ್ಮದು ಎರಡು ಅಡಿಕೆ ಮರ, ಒಂದು ಕಡೆ ಮಾತ್ರ ಬಿದಿರಿನ ಹಿಡಿ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಊರೋರೇ ಸೇರಿ ಮರ ಬದಲಾಯಿಸ್ತೀವಿ. ಅಂಕಿ ವಿಷಯ ಬರ್ಕೊಂಡೆ.

ಜೋಳದರೊಟ್ಟಿ · ಬುಧವಾರ ಮಧ್ಯಾಹ್ನ

ನಮ್ಮ ಯಾದಗಿರಿ ಕಡೆ ಎಲ್ಲಾ ಉಲ್ಟಾ ಅದ ರೀ. ನಿಮ್ಮಲ್ಲಿ ಹುಡುಗ್ರು ಇಲ್ಲ, ನಮ್ಮಲ್ಲಿ ಮಾಸ್ತರು ಇಲ್ಲ. ನನ್ನ ಮಗ ಓದೋ ಸಾಲ್ಯಾಗ ಒಂದೊಂದು ಖೋಲ್ಯಾಗ 70 ಮಂದಿ ಕುಂದರ್ತಾರ. ಕಾಯಂ ಮಾಸ್ತರು ನಾಲ್ಕು ಮಂದಿ, ಉಳಿದೋರೆಲ್ಲ ಅತಿಥಿ. ಅತಿಥಿಗೆ ತಿಂಗಳಿಗೆ 12 ಸಾವಿರ, ಅದೂ 2025ರಾಗ 2 ಸಾವಿರ ಏರ್ಸಿದ ಮ್ಯಾಲೆ. ಪಗಾರ ಯಾವ ತಿಂಗಳು ಬರ್ತದ ಯಾರಿಗೂ ಗೊತ್ತಿಲ್ಲ.

2024ರ ಎಸ್‌ಎಸ್‌ಎಲ್‌ಸಿ ನೆನಪದ ಏನ್ರಿ? ಕ್ಯಾಮೆರಾ ಹಚ್ಚಿ ಪರೀಕ್ಷಾ ಬರೆಸಿದ ವರ್ಷ. ಉಡುಪಿ 94, ಯಾದಗಿರಿ 50.59. ಅದೂ ಗ್ರೇಸ್ ಮಾರ್ಕ್ಸ್ ಕೊಟ್ಟ ಮ್ಯಾಲಿನ ಲೆಕ್ಕ. ಟಿವಿಯೊಳಗ ನಮ್ಮ ಹುಡುಗ್ರು ದಡ್ಡರು ಅನ್ನೋ ಹಂಗ ಮಾತಾಡಿದ್ರು. ದೀಪಾವಳಿ ಆದ ಮ್ಯಾಲೆ ಅರ್ಧ ಊರು ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗ್ತದ, ಹುಡುಗ್ರೂ ಸಂಗಟ ಹೋಗ್ತಾವ. ಮಾರ್ಚ್‌ನಾಗ ಬಂದು ಏನ್ ಬರೀಬೇಕು?

ನಿಮ್ಮ 13 ಮಂದಿಗೆ ಇಬ್ಬರು ಅದಾರ ಅಂದ್ರ ಹೊಟ್ಟೆಕಿಚ್ಚು ಆಗ್ತದ ಖರೇ. ಆದ್ರ ನಿಮ್ಮ ಸಾಲಿ ಮುಚ್ಚಿದ್ರ ಆ ಇಬ್ಬರು ಮಾಸ್ತರು ನಮ್ಮ ಯಾದಗಿರಿಗೆ ಬರಂಗಿಲ್ಲ, ಅದೂ ನನಗ ಗೊತ್ತದ.

ಲೆಕ್ಕದಪುಸ್ತಕ · ಬುಧವಾರ ಸಂಜೆ

ಇಲಾಖೆಯಲ್ಲಿ 34 ವರ್ಷ ಇದ್ದು ನಿವೃತ್ತನಾದವನು ನಾನು. ಇಂಥ ಹಾಳೆಗಳನ್ನು ನಾನೂ ಟೈಪ್ ಮಾಡಿಸಿದ್ದೇನೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ರಾಜ್ಯದ ನಿಯಮಗಳು 2012ರಲ್ಲಿ ಬಂದವು. ಒಂದರಿಂದ ಐದನೇ ತರಗತಿ ಮಗುವಿಗೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಆಗದ ಕಡೆ ಉಚಿತ ಸಾರಿಗೆ ಅಥವಾ ವಸತಿ ಕೊಡಬೇಕು. ಅಂದರೆ ಬಸ್ಸು ಯಾರೋ ದಯೆಯಿಂದ ಕೊಡುವ ಸೌಲಭ್ಯವಲ್ಲ. ಒಂದು ಕಿಲೋಮೀಟರಿನ ಶಾಲೆಯನ್ನು ತೆಗೆಯುವವರು ಅದರ ಜಾಗದಲ್ಲಿ ತಂದು ನಿಲ್ಲಿಸಲೇಬೇಕಾದ ವಸ್ತು ಅದು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದೂ ಅದೇ ಕಾಯ್ದೆಯ ಅನುಸೂಚಿ ಹೇಳುತ್ತದೆ, ಹಾಗಾಗಿ 13 ಮಕ್ಕಳಿಗೆ ಇಬ್ಬರು ಎನ್ನುವುದು ದುಂದುಗಾರಿಕೆ ಅಲ್ಲ.

ಎಸ್‌ಡಿಎಂಸಿ ನಮ್ಮಲ್ಲಿ 2001ರ ಸರ್ಕಾರಿ ಆದೇಶದಿಂದ ಬಂದದ್ದು, ಕೇಂದ್ರದ ಕಾಯ್ದೆಗಿಂತ ಎಷ್ಟೋ ಮುಂಚೆ. ಆಮೇಲೆ ಕಾಯ್ದೆಯ 21ನೇ ಸೆಕ್ಷನ್ ಬಂತು: ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. ಶಾಲೆಯ ಕೆಲಸ ನೋಡುವುದು, ಅನುದಾನದ ಖರ್ಚು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಅದರ ಕೆಲಸ. ಶಾಲೆ ವಿಲೀನ ಮಾಡುವ ಅಧಿಕಾರವಾಗಲಿ ತಡೆಯುವ ಅಧಿಕಾರವಾಗಲಿ ನಿಮಗೆ ಬರೆದುಕೊಟ್ಟಿಲ್ಲ.

ಹಾಗಿದ್ದರೆ ನಿಮ್ಮ ಸಹಿ ಏಕೆ ಬೇಕು? ಕಡತಕ್ಕೆ ಬೇಕು ತಾಯಿ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸಚಿವರು ಹೇಳುತ್ತ ಬಂದಿದ್ದಾರೆ. ಆ ಮಾತು ಉಳಿಯಬೇಕಾದರೆ "ಮುಚ್ಚಿದ್ದೇವೆ" ಎಂಬ ಪದ ಕಡತದಲ್ಲಿ ಬರಬಾರದು, "ಪೋಷಕರೇ ಕೇಳಿಕೊಂಡರು" ಎಂದಿರಬೇಕು. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಮೊದಲು ತೋರಿಸುವುದು ನಿಮ್ಮ ಪುಟವನ್ನೇ. ಅಧಿಕಾರವಿಲ್ಲದ ಸಹಿಗೆ ಇರುವ ಬೆಲೆ ಅದು. ಆ ಬೆಲೆಯನ್ನು ಪುಕ್ಕಟೆ ಕೊಡಬೇಡಿ.

ಅವರ ಹಾಳೆಗೆ ಸಹಿ ಹಾಕದೆ ನಿಮ್ಮ ನಡಾವಳಿ ನೀವೇ ಬರೆಯಿರಿ. ಬೇಡ ಎಂದೂ ಬರೆಯಬೇಡಿ, ಒಪ್ಪಿದ್ದೇವೆ ಎಂದೂ ಬರೆಯಬೇಡಿ. ಇಂತಿಂಥದ್ದು ಲಿಖಿತವಾಗಿ ಬಂದರೆ ಒಪ್ಪುತ್ತೇವೆ ಎಂದು ಬರೆಯಿರಿ. ಬರೆದು ಮುಗಿದ ಸಾಲಿನ ಕೆಳಗೆ ಗೆರೆ ಎಳೆದು ಅಲ್ಲಿಂದಲೇ ಸಹಿ ಶುರು ಮಾಡಿಸಿ, ಮಧ್ಯೆ ಖಾಲಿ ಜಾಗ ಬಿಡಬೇಡಿ. ನಕಲನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸಾಹೇಬರ ಟೇಬಲ್ ಮೇಲೆ ಇಟ್ಟು ಬಂದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಮಾತು. ಬಸ್ಸು ಬರುವ ಮುಂಚೆ ಯಾರೂ ಟಿಸಿ ತೆಗೆದುಕೊಳ್ಳಬೇಡಿ. ಎಸ್‌ಎಟಿಎಸ್‌ನಲ್ಲಿ 13 ಮಕ್ಕಳೂ ಆ ಕಡೆಗೆ ಹೋದ ಕ್ಷಣ ನಿಮ್ಮದು ಶೂನ್ಯ ದಾಖಲಾತಿ ಶಾಲೆ. ಆಮೇಲೆ ನಿಮ್ಮ ಒಪ್ಪಿಗೆಯೂ ಬೇಡ, ಯಾರ ಆದೇಶವೂ ಬೇಡ.

ಮೂರನೇಬೆಂಚು · ಬುಧವಾರ ರಾತ್ರಿ

ಮೇಲಿನ ಸರ್ ಹೇಳಿದ ಟಿಸಿ ವಿಷಯ ನೂರಕ್ಕೆ ನೂರು ನಿಜ. ನಮ್ಮೂರಲ್ಲಿ ಆಗಿದ್ದೇ ಅದು. ನಾನಾಗ ಹೈಸ್ಕೂಲು, ತಮ್ಮ ಮೂರನೇ ಕ್ಲಾಸು.

ಮೊದಲ ವರ್ಷ ಆಟೊ ಬಂತು. ತಮ್ಮ ದಿನಾ ಡ್ರೈವರ್ ಪಕ್ಕ ಕೂತು ಹೋಗ್ತಿದ್ದ, ರಾಜನ ಥರ. ಎರಡನೇ ವರ್ಷ ಸಾರಿಗೆ ದುಡ್ಡು ಬರೋದು ತಡ ಆಯ್ತು, ನಾಲ್ಕು ತಿಂಗಳು. ಆಟೊದೋನೂ ಮನುಷ್ಯನೇ ತಾನೆ, ಡೀಸೆಲ್ ಯಾರು ಹಾಕ್ತಾರೆ, ನಿಲ್ಲಿಸ್ದ. ಕೈಲಾದೋರು ಮಕ್ಕಳನ್ನ ಹಳದಿ ವ್ಯಾನಿನ ಖಾಸಗಿ ಶಾಲೆಗೆ ಹಾಕಿದ್ರು. ಇಬ್ಬರು ಹುಡುಗೀರು ಮನೇಲೇ ಉಳಿದ್ರು, ಒಬ್ಬಳು ಚಿಕ್ಕ ತಮ್ಮನ್ನ ನೋಡ್ಕೊಳ್ಳಕ್ಕೆ, ಇನ್ನೊಬ್ಬಳು ಸುಮ್ನೆ. ರಿಜಿಸ್ಟರಲ್ಲಿ ಇಬ್ಬರೂ ಆ ದೊಡ್ಡ ಶಾಲೆಯಲ್ಲಿ ಓದ್ತಾನೇ ಇದ್ರು.

ಶಾಲೆ ಕಟ್ಟಡ ಈಗಲೂ ಇದೆ. ಒಳಗೆ ಪಂಚಾಯ್ತಿಯ ಪೈಪು ಪೇರಿಸಿದಾರೆ. ಕರಿಹಲಗೆ ಮೇಲೆ ಕೊನೇ ದಿನದ ತಾರೀಖು, ಹಾಜರಿ 9 ಅಂತ ಇನ್ನೂ ಕಾಣತ್ತೆ.

ಸೀಮೆಸುಣ್ಣ · ಬುಧವಾರ ರಾತ್ರಿ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. "ಬಸ್ಸು ನಿಜವಾಗಿ ಬರೋದಾದ್ರೆ" ಅಂತ ನಾನು ಹೇಳಿದ್ದು ಎಷ್ಟು ಸಲೀಸಾಗಿ ಹೇಳಿಬಿಟ್ಟೆ ಅನ್ನಿಸ್ತಿದೆ. ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಕೊಡ್ತಿದ್ರು, 2006-07ರಿಂದ. ಕೋವಿಡ್ ವರ್ಷ ನಿಲ್ಲಿಸಿದ್ದು ನಿಂತೇ ಹೋಯ್ತು, ನಿಲ್ಲಿಸ್ತೀವಿ ಅಂತ ಯಾರೂ ಹೇಳಲೂ ಇಲ್ಲ.

ಕೆರೆದಂಡೆ · ಗುರುವಾರ ಬೆಳಿಗ್ಗೆ

ಎಲ್ಲ ಸರಿ, ಆದರೆ ಮೂಲ ಕಾರಣ ಯಾರೂ ಹೇಳ್ತಿಲ್ಲ. ಕನ್ನಡ ಶಾಲೆಗೆ ಮಕ್ಕಳು ಬರ್ತಿಲ್ಲ. 1994ರ ಭಾಷಾ ನೀತಿಯನ್ನ 2014ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೊಡೆದು ಹಾಕ್ತು, ತಾಯ್ನುಡಿಯಲ್ಲೇ ಕಲಿಸಿ ಅಂತ ಖಾಸಗಿಯವರ ಮೇಲೆ ಹೇರೋ ಹಾಗಿಲ್ಲ ಅಂತು. 2019ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆಗೀತು. ಈಗ ಕೆಪಿಎಸ್, ಅದೇ ಕರ್ನಾಟಕ ಪಬ್ಲಿಕ್ ಶಾಲೆ. ಕನ್ನಡದ ಹೆಸರಲ್ಲಿ ವೋಟು, ಇಂಗ್ಲಿಷ್ ಹೆಸರಲ್ಲಿ ದಾಖಲಾತಿ.

ಹಂಡೆಒಲೆ · ಗುರುವಾರ ಬೆಳಿಗ್ಗೆ

ಅಣ್ಣ, ನಾನು ಏಳನೇ ಕ್ಲಾಸು ತನಕ ಕನ್ನಡದಲ್ಲೇ ಓದಿದೋಳು. ಆಸ್ಪತ್ರೆ ಚೀಟಿ ಓದಕ್ಕಾಗಲ್ಲ, ಮೆಡಿಕಲ್ ಶಾಪಿನ ಹುಡುಗ ಏನು ಹೇಳ್ತಾನೋ ಅದೇ. ಮಗಳಿಗೆ ಹಾಗಾಗೋದು ಬೇಡ ಅಂತ ಅಷ್ಟೇ. ಭಾಷೆ ಉಳಿಸೋ ಕೆಲಸ ನಮ್ಮ 13 ಮಕ್ಕಳ ತಲೆ ಮೇಲೇ ಯಾಕೆ ಹಾಕ್ತೀರಾ?

ಸನ್ನಿವೇಲ್‌ಸಾರು · ಗುರುವಾರ ಮಧ್ಯಾಹ್ನ

ಕ್ಯಾಲಿಫೋರ್ನಿಯಾದಿಂದ ಬರೀತಿದೀನಿ, ಊರು ಅರಸೀಕೆರೆ. "ಅಮೆರಿಕದಲ್ಲಿ ಹೀಗಿದೆ" ಅಂತ ಶುರು ಮಾಡಿದ್ರೆ ಎಲ್ರಿಗೂ ಉರಿಯತ್ತೆ ಅಂತ ಗೊತ್ತು, ಆದ್ರೂ ಕೇಳಿ.

ಇಲ್ಲೂ ಶಾಲೆ ಮುಚ್ಚತಾರೆ. ನಮ್ಮ ಪಕ್ಕದ ಕ್ಯುಪರ್ಟಿನೊ ಅಂದ್ರೆ ಆಪಲ್ ಕಂಪನಿ ಇರೋ ಊರು. ಅಲ್ಲಿನ ಶಾಲಾ ಡಿಸ್ಟ್ರಿಕ್ಟು 2021ರ ಅಕ್ಟೋಬರಲ್ಲಿ ಎರಡು ಪ್ರಾಥಮಿಕ ಶಾಲೆ ಮುಚ್ಚೋ ತೀರ್ಮಾನ ತಗೊಂಡ್ತು, ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಜ್. ಮಕ್ಕಳು ಕಮ್ಮಿ ಆದ್ರು, ಅಷ್ಟೇ ಕಾರಣ. ಚಿಕ್ಕ ಮಕ್ಕಳಿರೋರಿಗೆ ಅಲ್ಲಿ ಮನೆ ತಗೊಳ್ಳಕ್ಕೆ ಆಗ್ತಿಲ್ಲ. ತೀರ್ಮಾನ ತಗೊಂಡಿದ್ದು ಜನ ವೋಟು ಹಾಕಿ ಆರಿಸಿದ ಐದು ಜನರ ಮಂಡಳಿ. ಪೋಷಕರು ಸರದಿಯಲ್ಲಿ ನಿಂತು ಮಾತಾಡಿದ್ರು, ಅತ್ತರು, ಬೈದರು. ಆದ್ರೂ ಮುಚ್ಚಿದ್ರು. ಮತ್ತೆ ಬಸ್ಸು? ಇಲ್ಲಿ ನಮ್ಮ ಕಡೆ ಬಹುಪಾಲು ಮಕ್ಕಳಿಗೆ ಶಾಲಾ ಬಸ್ಸೇ ಇಲ್ಲ, ಸಿನಿಮಾದಲ್ಲಿ ನೋಡೋ ಹಳದಿ ಬಸ್ಸನ್ನ ನಾನು ಇಲ್ಲಿ ಕಂಡಿದ್ದೇ ಅಪರೂಪ. ಕಾರಲ್ಲಿ ಬಿಟ್ಟು ಬರಬೇಕು.

ವ್ಯತ್ಯಾಸ ಒಂದೇ. ಇಂಥ ರಾತ್ರಿ ಇಷ್ಟು ಗಂಟೆಗೆ ಇಂಥ ಐವರು ಕೈ ಎತ್ತಿ ಮುಚ್ಚಿದ್ರು ಅಂತ ಎಲ್ರಿಗೂ ಗೊತ್ತು. ಮುಂದಿನ ಚುನಾವಣೇಲಿ ಅವರ ಮುಖ ನೋಡಿ ಕೇಳಬಹುದು. ನಿಮ್ಮಲ್ಲಿ ತೀರ್ಮಾನ ತಗೊಂಡೋರು ಯಾರು ಅಂತ ಹೆಸರು ಹಿಡಿದು ಹೇಳಕ್ಕಾಗತ್ತಾ?

ಜೋಳದರೊಟ್ಟಿ · ಗುರುವಾರ ಮಧ್ಯಾಹ್ನ

ಆಪಲ್ ಊರಾಗೂ ಸಾಲಿ ಮುಚ್ಚತಾರ ಅಂದ್ರ ನಮಗೇನ್ರಿ ಬೇಜಾರಿಲ್ಲ ಬಿಡ್ರಿ 😄

ಲೆಕ್ಕದಪುಸ್ತಕ · ಗುರುವಾರ ಸಂಜೆ

@ಸನ್ನಿವೇಲ್‌ಸಾರು ಒಳ್ಳೆಯ ಪ್ರಶ್ನೆ. ಉತ್ತರ ನಾಚಿಕೆಯದು.

ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದು. ಅದರಲ್ಲಿ ಜಿಲ್ಲಾ ಪಂಚಾಯಿತಿಗೆ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಇದೆ. ಶಾಲೆ ವಿಲೀನ, ಶಿಕ್ಷಕರ ಕೊರತೆ, ಕೊಠಡಿ ದುರಸ್ತಿ, ಇವನ್ನೆಲ್ಲ ಅಲ್ಲಿ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಅವರನ್ನು ನಿಲ್ಲಿಸಿಕೊಂಡು ಕೇಳುತ್ತಿದ್ದರು. ನಾನೂ ಕಡತ ಹಿಡಿದು ಹಿಂದೆ ನಿಂತವನೇ. ಸದಸ್ಯರು ಗೂಳಿಗಳ ಹಾಗೆ ಮೈಮೇಲೆ ಬರುತ್ತಿದ್ದರು. ಅರ್ಧ ಪ್ರಶ್ನೆಗೆ ತಲೆಬುಡ ಇರುತ್ತಿರಲಿಲ್ಲ, ಆದರೂ ಮನೆಗೆ ಹೋಗುವಾಗ ಅಂಗಿ ಬೆವರಿರುತ್ತಿತ್ತು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಅಂದಿನಿಂದ ಚುನಾವಣೆಯೇ ನಡೆದಿಲ್ಲ, ಆಡಳಿತಾಧಿಕಾರಿಗಳೇ ಎಲ್ಲ. ಪ್ರಶ್ನೆ ಕೇಳುವ ಕುರ್ಚಿಯೂ ಉತ್ತರ ಹೇಳುವ ಕುರ್ಚಿಯೂ ಒಂದೇ ಕೋಣೆಯಲ್ಲಿ, ಒಬ್ಬರೇ ಎರಡರ ಮೇಲೂ ಕೂತಿದ್ದಾರೆ.

ಹಂಡೆಒಲೆ ಅವರೇ, ಇಡೀ ಸಾಲಿನಲ್ಲಿ ಬೆಂಗಳೂರಿನ ವಿಧಾನಸೌಧ ಬಿಟ್ಟರೆ ನಿಮ್ಮ ಶಾಲೆಯ ವಿಷಯ ಮಾತಾಡಲೆಂದೇ ಜನ ಆರಿಸಿದವರು ನೀವೇ. ಬೇಡ ಅಂತ ಜೋರಾಗಿ ಹೇಳದೆ ಕೂತಿದ್ದಕ್ಕೆ ಆರಿಸಿದ್ದಾದರೂ ಸರಿ.

ಅಕ್ಕಿತೊಳೆ · ಗುರುವಾರ ರಾತ್ರಿ

ಮೊದಲ ಸಲ ಬರೀತಿದೀನಿ. ನಮ್ಮಮ್ಮ ಇಂಥದ್ದೇ ಶಾಲೆಯಲ್ಲಿ ಬಿಸಿಯೂಟ ಅಡುಗೆ ಮಾಡ್ತಾರೆ. ತಿಂಗಳಿಗೆ ಸಿಗೋದು ಚಿಕ್ಕ ಗೌರವಧನ. 25 ಮಕ್ಕಳ ತನಕ ಒಬ್ಬರೇ ಅಡುಗೆಯವರು ಅನ್ನೋದು ಲೆಕ್ಕ. ದೊಡ್ಡ ಶಾಲೆಯಲ್ಲಿ ಆಗಲೇ ಅಡುಗೆಯವರು ಇರ್ತಾರೆ, 13 ಮಕ್ಕಳು ಬಂದ್ರು ಅಂತ ಇನ್ನೊಬ್ಬರನ್ನ ತಗೊಳ್ಳಲ್ಲ. ಮೇಷ್ಟ್ರಿಗೆ ವರ್ಗ ಆಗತ್ತೆ, ಅಮ್ಮನಿಗೆ ಏನೂ ಆಗಲ್ಲ, ಅಂದ್ರೆ ನಾಳೆಯಿಂದ ಬರಬೇಡಿ ಅಂತಾರೆ ಅಷ್ಟೇ. 16 ವರ್ಷ ಹೊಗೆ ಕುಡಿದು ಬೇಯಿಸಿದಾರೆ. ನಡಾವಳಿಯಲ್ಲಿ ಒಂದು ಸಾಲು ಅಡುಗೆಯವರ ಬಗ್ಗೆನೂ ಹಾಕಿ ಅಕ್ಕ.

ಹಂಡೆಒಲೆ · ಶನಿವಾರ ರಾತ್ರಿ

ಸಭೆ ಆಯ್ತು. ಶುಕ್ರವಾರ ಆಗಲಿಲ್ಲ, ಎಲ್ರಿಗೂ ಅಡಿಕೆ ಕೊಯ್ಲು. ಇವತ್ತು ಸಂಜೆ ಶಾಲೆಯಲ್ಲಿ ಕರೆದ್ರೆ ಮೂರು ಜನ ಬಂದ್ರು. ಉಳಿದೋರೆಲ್ಲ ಒಂದೇ ಮನೆಯ ಚಪ್ಪರದಲ್ಲಿ ಅಡಿಕೆ ಸುಲೀತಿದ್ರು. ನಾನು, ಮೇಷ್ಟ್ರು ಪುಸ್ತಕ ಹಿಡ್ಕೊಂಡು ಅಲ್ಲಿಗೇ ಹೋದ್ವಿ. ಹೆಂಗಸರು ಮೆಟ್ಟುಗತ್ತಿ ಮೇಲೆ ಕೂತ್ಕೊಂಡೇ ಮಾತಾಡಿದ್ರು, ಒಬ್ಬರೂ ಕೈ ನಿಲ್ಲಿಸಲಿಲ್ಲ. ಡಬ್ಬದ ಲೆಕ್ಕದಲ್ಲಿ ಕೂಲಿ, ಹೇಗೆ ನಿಲ್ಲಿಸ್ತಾರೆ.

ನಾನು ಅಂದ್ಕೊಂಡ ಹಾಗೆ ನಡೀಲಿಲ್ಲ. ಕಳಿಸೋಣ ಅಂದೋರು ಆರು ಮನೆ, ಬೇಡ ಅಂದೋರು ಮೂರು, ನೀನು ಹೇಳಿದ ಹಾಗೆ ಅಂದೋರು ಎರಡು. ಬೇಡ ಅಂದ ಒಬ್ಬರು ಅಜ್ಜ, ಶಾಲೆಯ ಜಾಗ ಅವರ ಅಪ್ಪ ಕೊಟ್ಟಿದ್ದಂತೆ. ದಾನಪತ್ರ ಎಲ್ಲಿ ಅಂದ್ರೆ, "ಕೊಟ್ಟಿದ್ದು ಶಾಲೆಗೆ, ಪತ್ರಕ್ಕಲ್ಲ" ಅಂದ್ರು. ಮೇಷ್ಟ್ರು ಮಾತ್ರ ಸುಮ್ಮನೆ ಇದ್ರು. ಕೊನೇಲಿ "ನಾನು ಸರ್ಕಾರದ ನೌಕರ, ನಾನು ಏನೂ ಹೇಳಬಾರದು, ಆದರೆ ಬರೆಯೋವಾಗ ಬೇರೆ ಪೆನ್ನು ಬೇಕಾದ್ರೆ ನನ್ನ ಹತ್ರ ಇದೆ" ಅಂದ್ರು.

ಮಗಳು ಬರೆದ್ಲು, ನನ್ನ ಅಕ್ಷರ ಚೆನ್ನಾಗಿಲ್ಲ. ಹಾಳೆಯಲ್ಲಿದ್ದ 2.3 ತಪ್ಪು, ರಸ್ತೆ ದೂರ 4.1, ಸಂಕ ದಾರಿಯಲ್ಲ ಅಂತ ಮೊದಲೇ ಹಾಕಿದೀವಿ. ಆಮೇಲೆ ಬಸ್ಸಿನ ಆದೇಶ ಲಿಖಿತವಾಗಿ ಬರಬೇಕು, ಎಷ್ಟು ಗಂಟೆಗೆ ಎಲ್ಲಿ ನಿಲ್ಲತ್ತೆ ಅಂತ ಸಹಿತ. ಬಸ್ಸು ಹದಿನೈದು ದಿನ ನಿಂತ್ರೆ ಮಕ್ಕಳು ವಾಪಸ್ ಇಲ್ಲೇ ಕೂರ್ತಾರೆ, ಅಲ್ಲಿ ತನಕ ಶಾಲೆಗೆ ಬೀಗ ಹಾಕೋ ಹಾಗಿಲ್ಲ. ಅಡುಗೆಯವರಿಗೆ ಆ ಶಾಲೆಯಲ್ಲಿ ಕೆಲಸ ಒದಗಿಸಬೇಕು. ಅಂಗನವಾಡಿ ಇದೇ ಕಾಂಪೌಂಡಲ್ಲಿದೆ, ಕಟ್ಟಡ ಬೇರೆ ಯಾವುದಕ್ಕೂ ಕೊಡಬಾರದು, ಜಾಗ ಶಾಲೆ ಹೆಸರಿಗೆ ಮಾಡಿಸಿ ಕೊಡಬೇಕು. ಪೈಪಿನ ಕಥೆ ಓದಿ ಹೇಳಿದೆ, ಎಲ್ಲರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ.

11 ಮನೆಯೋರ ಸಹಿ ಆಯ್ತು, ಎರಡು ಹೆಬ್ಬೆಟ್ಟು. ಸೋಮವಾರ ಟಪಾಲಿಗೆ ಕೊಡ್ತೀನಿ. ಪುಟದ ಫೋಟೊ ಹಾಕಿದೀನಿ, ಹೆಸರೆಲ್ಲ ಮುಚ್ಚಿ. ತಪ್ಪಿದ್ರೆ ಹೇಳಿ.

ಲೆಕ್ಕದಪುಸ್ತಕ · ಶನಿವಾರ ರಾತ್ರಿ

ಓದಿದೆ. ಮಗಳ ಅಕ್ಷರ ನಮ್ಮ ಕಚೇರಿಯ ಅರ್ಧ ಜನಕ್ಕಿಂತ ಚೆನ್ನಾಗಿದೆ. ಒಂದು ತಿದ್ದುಪಡಿ ಬೇಕು. ಎಲ್ಲ ಷರತ್ತಿನಲ್ಲೂ "ಒದಗಿಸಬೇಕು", "ಕೊಡಬೇಕು" ಎಂದಿದೆ. ಅದು ಮನವಿಯ ಭಾಷೆ, ಅವರು "ಪರಿಶೀಲಿಸಲಾಗುವುದು" ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೊನೆಯಲ್ಲಿ ಸೇರಿಸಿ: "ಮೇಲಿನ ಎಲ್ಲವೂ ಲಿಖಿತವಾಗಿ ಬಂದ ನಂತರವೇ ಮಕ್ಕಳ ವರ್ಗಾವಣೆ ಪತ್ರಕ್ಕೆ ಪೋಷಕರು ಅರ್ಜಿ ಕೊಡುತ್ತಾರೆ." ಆ "ನಂತರವೇ" ಬಿಡಬೇಡಿ.

ಹಂಡೆಒಲೆ · ಶನಿವಾರ ರಾತ್ರಿ

ಗೆರೆ ಎಳೆದು ಸಹಿ ಶುರುವಾಗಿಬಿಟ್ಟಿದೆಯಲ್ಲ ಸರ್, ಜಾಗ ಇಲ್ಲ.

ಲೆಕ್ಕದಪುಸ್ತಕ · ಶನಿವಾರ ರಾತ್ರಿ

ಮುಂದಿನ ಪುಟದಲ್ಲಿ "ಮುಂದುವರಿದ ಸಭೆ" ಎಂದು ತಾರೀಖು ಹಾಕಿ ಆ ಒಂದು ಸಾಲು ಬರೆಯಿರಿ. ಎಲ್ಲರ ಸಹಿಯೂ ಮತ್ತೊಮ್ಮೆ ಬೇಕು.

ಹಂಡೆಒಲೆ · ಶನಿವಾರ ರಾತ್ರಿ

ಹಾಗಾದ್ರೆ ನಾಳೆ ಬೆಳಿಗ್ಗೆ ಮತ್ತೆ ಚಪ್ಪರಕ್ಕೆ ಹೋಗ್ತೀನಿ. ಇಬ್ಬರು ಸಾಗರದ ಮದುವೆಗೆ ಹೋಗಿದಾರೆ, ಸಂಜೆ ಬಸ್ಸಿಗೆ ಬರ್ತಾರೆ. ಸ್ಟಾಪಲ್ಲೇ ಕಾದು ಸಹಿ ಹಾಕಿಸ್ಕೋತೀನಿ.